ಚೀಟಿ

ಸಂತೆಪೇಟೆಯಲ್ಲಿ ಗಡಿಯಾರ ರಿಪೇರಿಯ ಗೂಡು ನನ್ನದು,
ಮೂರು ಅಡಿ ಅಗಲ, ಕಾಲು ಚಾಚಿದರೆ ಬೀದಿ.
ಎಡಗಣ್ಣಿಗೆ ಕಚ್ಚಿಸಿಕೊಂಡ ಮಸೂರದಲ್ಲಿ
ಹಲ್ಲು ಮುರಿದ ಚಕ್ರ ನೋಡುವುದು ಹೊಟ್ಟೆಪಾಡು,
ಕಲ್ಲು ನೋಡುವುದು ಚಟ.

ಇಂಗಳದಾಳದಲ್ಲಿ ಶಿಫ್ಟು ಬಿಟ್ಟ ಮೇಲೆ
ಬುತ್ತಿಡಬ್ಬಿಯ ತಳದಲ್ಲಿ, ಮುದ್ದೆಯ ಪಸೆ ಆರದ ಕಡೆ
ಅಡಗಿ ಬರುತ್ತಿದ್ದವು:
ನವಿಲ ಕುತ್ತಿಗೆಯ ಹಾಗೆ ಬಣ್ಣ ತಿರುಗುವ ತಾಮ್ರದ ಅದಿರು,
ಉಗುರಿಗೆ ಏಳದ ಹಸಿರು ಪಾಚಿ,
ದಬ್ಬಳದಷ್ಟು ಉದ್ದದ ಸ್ಫಟಿಕದ ಮೊಳೆ.
ದುಡ್ಡು ಕೊಟ್ಟವನಲ್ಲ ನಾನು.
ಕಲ್ಲಿಗೊಂದು ಸ್ಪ್ರಿಂಗು,
ತುದಿ ಮುಕ್ಕಾಗದ ಕಲ್ಲಾದರೆ
ಹೆಂಡತಿಯ ವಾಚಿಗೂ ಹೊಸ ಪಟ್ಟಿ.

ಹಗಲು ಇರುಳು ಒಂದೇ ಬಣ್ಣದ ಆಳದಲ್ಲಿ
ಅವರಿಗೆ ಬೇಕಿದ್ದದ್ದು ಸರಿಯಾದ ಗಂಟೆ.
ನನಗೆ ಬೇಕಿದ್ದದ್ದು ಗಂಟೆಯ ಹಂಗೇ ಇಲ್ಲದ್ದು.
ವ್ಯಾಪಾರ ಕುದುರಿತು.

ಗಾದ್ರಿಲಿಂಗ ಒಂದು ಶ್ರಾವಣದಲ್ಲಿ ಬಂದ,
ಬನಿಯನ್ನಿನಲ್ಲಿ ಸುತ್ತಿ, ಎದೆಗವಚಿ,
ಬಸ್ಸಿನಲ್ಲಿ ಸೀಟಿದ್ದೂ ನಿಂತುಕೊಂಡು.
ಹಾಲುಗಲ್ಲಿನ ಹಾಸಿಗೆ, ಮೇಲೆ ಹನ್ನೊಂದು ಪೈರೈಟಿನ ದಾಳ.
ಯಾರೂ ಅರ ಹಿಡಿದಿಲ್ಲ, ಮೂಲೆಗಳು ತಾವೇ ಮಟ್ಟಸ.
ಒಂದು ಮುಖದಲ್ಲಿ ಬಾಚಣಿಗೆ ಎಳೆದಂಥ ಗೆರೆ,
ಪಕ್ಕದ ಮುಖಕ್ಕೆ ಹೊರಳಿದರೆ ಅದೇ ಗೆರೆ ಅಡ್ಡ.
"ಬಂಗಾರಾನ ಸಾಬ್ರೆ?"
"ಅಲ್ಲಪ್ಪ."
"ಹಂಗಾರೆ ಬಿಡು," ನಕ್ಕ,
"ಆಗಿದ್ರೆ ಹೆದರ್ಕಬೇಕಿತ್ತು."

ಗಣಿಯ ಆಫೀಸಿನ ಗುಮಾಸ್ತ ರುದ್ರಮುನಿ ಹೇಳಿಕೊಟ್ಟಿದ್ದ:
ಚೀಟಿ ಇಲ್ಲದ ಕಲ್ಲು, ರಸ್ತೆಗೆ ಸುರಿಯುವ ಜಲ್ಲಿ.
ಅಂದೇ ಮಸಿಯಲ್ಲಿ ಬರೆದೆ, ದುಂಡಗೆ:
ಇಂಗಳದಾಳ, ಮೂರನೇ ಮಟ್ಟ, ಗಾದ್ರಿಲಿಂಗ ತಂದದ್ದು.
ಹತ್ತಿ ಹಾಸಿ, ಬಿಸ್ಕತ್ತಿನ ಡಬ್ಬಿಯಲ್ಲಿಟ್ಟೆ.

ಆಮೇಲೆ ಗಣಿ ಮುಚ್ಚಿತು.
ಹಗ್ಗ, ಹಳಿ, ತೊಟ್ಟಿಲು ಗುಜರಿಗೆ ಹೋದವು.
ಮೂರನೇ ಮಟ್ಟಕ್ಕೆ ನೀರು ಬಂತು,
ಇಳಿದು ನೋಡಿ ಬರುವ ಹಾಗಿಲ್ಲ ಇನ್ನು.
ಗಾದ್ರಿಲಿಂಗ ಹಟ್ಟಿಗೆ ಹೋದನೆಂದರು ಕೆಲವರು,
ಹಿರಿಯೂರಿನಲ್ಲಿ ಬೋರ್‌ವೆಲ್ ಲಾರಿಯ ಮೇಲೆ ಕಂಡೆವೆಂದರು ಕೆಲವರು.

ಮೊನ್ನೆ ಜೈಪುರದ ವ್ಯಾಪಾರಿ ಬಂದಿದ್ದ,
ಜೇಬಿನಲ್ಲಿ ತಕ್ಕಡಿ, ಬೆರಳಲ್ಲಿ ಟಾರ್ಚು.
"ಮುಚ್ಚಿದ ಗಣಿಯ ಮಾಲಿಗೆ ಬೆಲೆ ಬೇರೆ.
ಚೀಟಿಯಲ್ಲಿ ಊರು ಇರಲಿ, ಆಳಿನ ಹೆಸರು ಯಾಕೆ?"
ಮಾತಾಡದೆ ಡಬ್ಬಿ ತೆಗೆದೆ.

ಕಡ್ಡಿ ಗೀರಿದ ವಾಸನೆ.
ನಾಲ್ಕು ಮಳೆಗಾಲ ಮುಚ್ಚಳ ಬಿಚ್ಚಿರಲಿಲ್ಲ;
ತೇವ ಸೇರಿ ದಾಳ ಒಳಗೇ ಹುಳಿತು,
ಬಿರುಕಿನಿಂದ ಬಿಳಿ ಬೂದಿ ಉದುರಿತ್ತು.
ಹತ್ತಿ ಹಳದಿಯಾಗಿತ್ತು. ಕಲ್ಲು ಬೆವರಿದ ಆಮ್ಲ
ಚೀಟಿಯನ್ನು ನಡುವಿನಿಂದ ತಿಂದಿತ್ತು.
ಉಳಿದದ್ದು ಆ ತುದಿಗೆ 'ಇಂಗ',
ಈ ತುದಿಗೆ 'ಲಿಂಗ ತಂದದ್ದು'.

ವ್ಯಾಪಾರಿ ಕೈ ಒರೆಸಿಕೊಂಡು ಎದ್ದ.
ಚಹಾ ಅರ್ಧ ಬಿಟ್ಟಿದ್ದ, ನಾನೇ ಕುಡಿದೆ.

ರಾತ್ರಿ ಬಾಗಿಲೆಳೆದುಕೊಂಡು ಕೂತೆ.
ವಾಚಿನ ಬ್ರಷ್ಷಿನಿಂದ ಬೂದಿ ಗುಡಿಸಿದೆ, ಒಂದೊಂದೇ ಮುಖ,
ದೀಪದ ಶಾಖಕ್ಕೆ ಹಿಡಿದೆ,
ಬಾಟಾ ಅಂಗಡಿಯ ಹುಡುಗ ಕೊಟ್ಟ
ತೇವ ಹೀರುವ ಹರಳಿನ ಪೊಟ್ಟಣ ನಾಲ್ಕು ಸುತ್ತಲೂ ಇಟ್ಟೆ.

ಕಾಗದದ ಸಹವಾಸ ಸಾಕೆನಿಸಿತು.
ನಮ್ಮ ಕಸುಬಿನಲ್ಲಿ ಒಂದು ಪದ್ಧತಿ:
ರಿಪೇರಿ ಮಾಡಿದ ತಾರೀಖನ್ನು
ಬೆನ್ನುಮುಚ್ಚಳದ ಒಳಗೆ, ಗಿರಾಕಿಗೆ ಕಾಣದ ಹಾಗೆ,
ಸೂಜಿಯಲ್ಲಿ ಗೀರಿಡುವುದು.
ಹಳೇ ಹೆಚ್‌ಎಂಟಿಯ ಸ್ಟೀಲು ಮುಚ್ಚಳ ಹುಡುಕಿದೆ.
ಒಳಗೆ ನನ್ನದೇ ಮೂರು ತಾರೀಖು, ಅಬ್ಬಾನ ಕೈಯದು ಒಂದು.
ಮಿಕ್ಕ ಜಾಗದಲ್ಲಿ
ಮೊದಲು ಹೆಸರು ಕೊರೆದೆ, ಪೂರ್ತಿ,
ಆಮೇಲೆ ಊರು,
ಆಮೇಲೆ ಮಟ್ಟ.

ಹನ್ನೊಂದರಲ್ಲಿ ಒಂಬತ್ತು ಉಳಿದಿವೆ.
ಅದನ್ನೂ ಬರೆದೆ.