ಬೆನ್ನ ಕಡೆಯಿಂದ

ರೊಟ್ಟಿ ವ್ಯಾನಿಗೆ ಎರಡು ದಿನ ರಜೆ ಕೊಟ್ಟು
ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ.
ಹಿಂದೆ ಖಾಲಿ ತಟ್ಟೆಗಳು ತಿರುವಿಗೊಮ್ಮೆ ಗಲಗಲ,
ಸೀಟಿನ ಸಂದಿಯಲ್ಲಿ ಹೋದ ವರ್ಷದ ಹಿಟ್ಟು.
ಗಲೀಸಿಯಾದ ಈ ಅಂಚಿಗೆ ಸಾವಿನ ಕರಾವಳಿ ಎಂದು ಹೆಸರು;
ಇಟ್ಟವರು ಯಾರೋ, ಇಲ್ಲಿ ಬಟ್ಟೆ ಒಣಹಾಕಿದವರಂತೂ ಅಲ್ಲ.

ಅಮಾರೊ ಮೂವತ್ತೊಂದು ವರ್ಷ ಬಲೆ ಎಳೆದವನು.
ದೀಪಸ್ತಂಭಗಳನ್ನೆಲ್ಲ ಬಲ್ಲ, ನೀರಿನ ಮೇಲಿಂದ,
ಅದೂ ಕತ್ತಲಲ್ಲಿ.
ಒಂದು ಉದ್ದ, ಒಂದು ಗಿಡ್ಡ ಮಿನುಗಿದರೆ ಕುಂಟ.
ಮೂರು ಸಲ ಹೊಡೆದು ಸುಮ್ಮನಾದರೆ ಬಿಕ್ಕಳಿಕೆ.
ಕೆಂಪಗೆ ದುರುಗುಟ್ಟುವುದು ಅತ್ತೆ.
ನಕಾಶೆಯಲ್ಲಿ ಅವಕ್ಕೆ ಸಂತರ ಹೆಸರುಗಳಿವೆಯಂತೆ;
ಸಂತರನ್ನು ಪೂರ್ತಿ ಹೆಸರಿಡಿದು ಕೂಗುವಷ್ಟು ಪುರುಸೊತ್ತು
ಅಲೆ ಕೊಡುತ್ತಿರಲಿಲ್ಲವಂತೆ.

ನೆಲದ ದಾರಿಯಿಂದ ಒಂದನ್ನೂ ಕಂಡವನಲ್ಲ.

ಮೊದಲು ಕುಂಟ.
ಈಶಾನ್ಯದ ಗಾಳಿ ವ್ಯಾನಿನ ಬಾಗಿಲು ತೆರೆಯಗೊಡದು,
ತೆರೆದರೆ ಮುಚ್ಚಗೊಡದು.
"ಇಷ್ಟೇ ಎತ್ತರವೇ?" ಅಂದ ಅಮಾರೊ,
ಟೋಪಿ ತೆಗೆದು ಕೈಲಿ ಹಿಡಿದು,
ಬರೀ ಕಾಗದದಲ್ಲಿ ಬಲ್ಲವಳನ್ನು
ಹಗಲಲ್ಲಿ ಎದುರು ಕಂಡವನ ಹಾಗೆ.
ಸುಣ್ಣ ಬಿಟ್ಟ ಗೋಡೆ, ಹಿಂದೆ ಒಂದು ಹಗ್ಗ,
ಹಗ್ಗದಲ್ಲಿ ಯಾರದೋ ಕಾಲುಚೀಲ, ಐದೂವರೆ ಜೊತೆ,
ಗಾಳಿಗೆ ಅಡ್ಡಡ್ಡ ಎದ್ದು ಒದೆಯುತ್ತಿದ್ದವು.
"ಇದಕ್ಕೂ ಒಂದು ಹಿತ್ತಲಿದೆ ಅಂತ
ನನಗೆ ಯಾರೂ ಹೇಳಲಿಲ್ಲ."

ಮಧ್ಯಾಹ್ನ ಮರಳಿಗೆ ಇಳಿದೆವು. ಸುಮ್ಮನೆ ಮಲಗುವ ಮರಳಲ್ಲ,
ಮೊಣಕಾಲೆತ್ತರ ಹರಿದು ನುಸಿಯಂತೆ ಕಚ್ಚುವುದು.
ಬಂಡೆಯಲ್ಲಿ ಬಾಲ್ಬಿನಾ ಮತ್ತು ಅವಳ ನಾದಿನಿ
ಸೊಂಟಕ್ಕೆ ಹಗ್ಗ ಬಿಗಿದು ಪೆರ್ಸೆಬೆ ಚಿಪ್ಪು ಕೆರೆಯುತ್ತಿದ್ದರು.
"ಬಂತು" ಎನ್ನುವಳು ಒಬ್ಬಳು,
ಇಬ್ಬರೂ ಕಲ್ಲಿಗಂಟಿ ಹಲ್ಲಿಯಾಗುವರು.
ನೊರೆ ಇಳಿದ ಮೇಲೆ ಮಾತು ನಿಂತಲ್ಲಿಂದಲೇ ಶುರು:
ಯಾರದೋ ಮದುವೆ, ಸಾರಿಗೆ ಉಪ್ಪು ಸಾಲದ್ದು.

"ರಾತ್ರಿ ದೀಪ ನಿಮ್ಮ ಮನೆಯೊಳಗೂ ಬೀಳುತ್ತದೆಯೇ?"
"ನಮ್ಮ ಕಡೆಯ ಗಾಜಿಗೆ ಕಪ್ಪು ಬಳಿದಿದ್ದಾರೆ ಮಾರಾಯ,
ಇಲ್ಲದಿದ್ದರೆ ಕೋಳಿಗಳು ನಿದ್ದೆ ಮಾಡುವುದೆಂತು?"

ದೀಪದ ಬುಡ ಕತ್ತಲು ಎಂಬ ಗಾದೆ
ಕೋಳಿಗಳಿಗಾಗಿ ಹುಟ್ಟಿದ್ದೆಂದು ಆಗ ತಿಳಿಯಿತು.
ಅಣ್ಣ ಬಹಳ ಹೊತ್ತು ನಕ್ಕ.
ಆಮೇಲೆ ಬಹಳ ಹೊತ್ತು ನಗಲಿಲ್ಲ.

ಮರುದಿನ ಅತ್ತೆ ಮಂಜು ಹೊದ್ದು ಮುಖ ತೋರಿಸಲಿಲ್ಲ.
ಕಾದೆವು, ಎರಡು ಸಲ ಕಾಫಿ ಕುಡಿದೆವು, ಬಂದೆವು.

ಸಂಜೆ ಬಿಕ್ಕಳಿಕೆ. ಉಪಕರಣಗಳ ಚೀಲ ಹೊತ್ತು
ಬ್ರಾಯಿಸ್ ಎಂಬ ಹುಡುಗ ಬೀಗ ಹಾಕಿ ಹೊರಡುತ್ತಿದ್ದ.
ನಮ್ಮ ತಲೆಯ ಮೇಲಿಂದ ಬೆಳಕು ಹಾದು ಹೋಯಿತು,
ನಮ್ಮ ಪರಿಚಯವೇ ಇಲ್ಲದಂತೆ.
ಒಂದು, ಎರಡು, ಮೂರು. ಕತ್ತಲು.
ಅಮಾರೊ ತುಟಿಯಲ್ಲೇ ಎಣಿಸಿದ. ಮತ್ತೆ ಎಣಿಸಿದ.
"ತಪ್ಪು. ಹನ್ನೊಂದಕ್ಕೆ ಬರಬೇಕು, ಹತ್ತಕ್ಕೇ ಬಂತು."
"ಹೋದ ಚಳಿಗಾಲ ಎಲ್‌ಇಡಿ ಹಾಕಿದೆವು," ಅಂದ ಹುಡುಗ,
"ಎಲ್ಲ ದೋಣಿಗಳಿಗೂ ಸೂಚನೆ ಹೋಗಿದೆ."
"ನನಗೆ ಬರಲಿಲ್ಲ."
ಹುಡುಗ ಕ್ಷಮಿಸಿ ಅಂದ, ನಿಜವಾಗಿಯೇ ಅಂದ.

ಅಣ್ಣ ದೀಪಕ್ಕೆ ಬೆನ್ನು ತಿರುಗಿಸಿ ನಿಂತ.
ದೂರದಲ್ಲಿ ಒಂದು ಹಸಿರು ಚುಕ್ಕೆ ಮುಳುಗಿ ಏಳುತ್ತಿತ್ತು,
ಅಲ್ಲಿ ಯಾರಿಗೋ ಹತ್ತೇ ಸರಿ.
ಅವನು ಮಾತ್ರ ಹನ್ನೊಂದರವರೆಗೂ ಎಣಿಸಿ,
ಮಿಕ್ಕ ಒಂದನ್ನು ಎಲ್ಲಿಡುವುದೆಂದು ತಿಳಿಯದೆ
ಕೈಯನ್ನು ಕೋಟಿನ ಜೇಬಿಗೆ ಇಳಿಸಿದ.

ವಾಪಸು ಬರುವಾಗ, ಕಲ್ಲುಕಾಲಿನ ಜೋಳದ ಕಣಜಗಳ ಊರಿನಲ್ಲಿ
ಎಡಕ್ಕೆ ತಿರುಗಲು ಇಂಡಿಕೇಟರ್ ಹಾಕಿದೆ.
"ಹೆರ್ಮಿಂಡಾ, ನಿನ್ನ ಎಡಗಡೆಯದು ಅವಸರದಲ್ಲಿದೆ.
ಎಲ್ಲೋ ಒಂದು ಬಲ್ಬು ಸತ್ತಿದೆ."
ನಾಳೆಯೇ ಹಾಕಿಸುತ್ತೇನೆ ಅಂದೆ.
"ಇರಲಿ ಬಿಡು," ಅಂದ, ಕಿಟಕಿಯಾಚೆ ನೋಡುತ್ತ,
"ಕತ್ತಲಲ್ಲಿ ನಿನ್ನ ಗುರುತು ಸಿಗುತ್ತದೆ."

ಹಾಕಿಸಿದೆ ಅನ್ನಿ, ಪೊಲೀಸರು ಬಿಡಬೇಕಲ್ಲ.
ಆದರೆ ಒಂದು ವಾರ ತಡವಾಗಿ.