ಆರರಲ್ಲೊಂದು

ಐಸ್ ಪ್ಲಾಂಟಿನ ಶೀನ ತಿಂಗಳಾಯರಿಗೆ
ಚುನಾವಣಾಧಿಕಾರಿ ಕೊಟ್ಟ ಚಿಹ್ನೆ ಬೆಂಕಿಪೊಟ್ಟಣ.
ಮಲ್ಪೆ ಬಂದರು ಇಡೀ ನಕ್ಕಿತು.
ಅವರೂ ನಕ್ಕರು, ಎಲೆಯಡಿಕೆ ಉಗುಳಿ ಬಂದು
ಮತ್ತೊಮ್ಮೆ ನಕ್ಕರು.

ನಾನು ಅವರ ರೈಟರು.
ಹತ್ತೊಂಬತ್ತು ವರ್ಷ ಅಮೋನಿಯಾ ವಾಸನೆಯಲ್ಲಿ ಕೂತು
ಗಡ್ಡೆಗಳ ಲೆಕ್ಕ ಬರೆದವನು:
ಯಾವ ಬೋಟಿಗೆ ಎಷ್ಟು, ಯಾರ ಬುಟ್ಟಿಗೆ ಅರ್ಧ,
ಯಾರದು ಬಾಕಿ, ಯಾರದು ಹಳೇ ಬಾಕಿ,
ಯಾರ ಗಂಡ ಸಮುದ್ರದಿಂದ ಬರಲಿಲ್ಲವೋ
ಅವರ ಪುಟದ ಮೂಲೆ ಮಡಚಿ.

"ಬಾಕಿ ಹೊಡೆದುಹಾಕಿ ಧಣಿ,
ಒಂದು ಗೆರೆ ಸಾಕು, ಎರಡು ಸಾವಿರ ಮನೆ,"
ಅಂದರು ಜೊತೆಯವರು.
"ಓಟು ಮುಗಿಯಲಿ, ಆಮೇಲೆ ನೋಡುವ.
ಈಗ ಹೊಡೆದರೆ ಅದು ಐಸಲ್ಲ, ಲಂಚ."
ಅದನ್ನೇ ಭಾಷಣದಲ್ಲೂ ಹೇಳಿಬಿಟ್ಟರು,
ಮೀನು ಮಾರ್ಕೆಟಿನ ಎದುರು, ಮೈಕು ಹಿಡಿದು, ತುಳುವಿನಲ್ಲಿ.
ಚಪ್ಪಾಳೆ ಬರಲಿಲ್ಲ.
ಒಬ್ಬಳು ಬಂಗುಡೆಗೆ ನೀರು ಚಿಮುಕಿಸಿದಳು.

ಅವರ ಫೋಟೋ ಅಂಟಿಸಿದ ಪೊಟ್ಟಣ ಐದು ಸಾವಿರ
ಶಿವಕಾಶಿಯಿಂದ ಬಂದಿಳಿಯಿತು.
ಹಂಚಿದರೆ ಕೇಸಾಗುತ್ತದೆ ಎಂದರು ವಕೀಲರು.
ಗೋದಾಮಿನಲ್ಲಿ, ಉಪ್ಪಿನ ಚೀಲಗಳ ಪಕ್ಕ
ಐದು ಸಾವಿರ ಮುಖ ಸುಮ್ಮನೆ ಕೂತವು.

ಎಣಿಕೆಯ ದಿನ ಉಡುಪಿಯಲ್ಲಿ ಸೆಕೆಯೋ ಸೆಕೆ.
ಎರಡು ಸಾವಿರದ ಇನ್ನೂರ ಏಳು.
ಠೇವಣಿ ಹೋಯಿತು.
ನನ್ನ ಕೈಯಿಂದ ಹಾಳೆ ಕಿತ್ತು ಅವರು ಹುಡುಕಿದ್ದು ಒಂದೇ ಸಾಲು,
ಸ್ವಂತ ಮನೆಯ ಬೂತು: ಏಳು.
ಮನೆಯಲ್ಲಿ ಓಟಿರುವವರು ಒಂಬತ್ತು ಮಂದಿ.
ಆದಿಉಡುಪಿಯಿಂದ ಕಾರಿನಲ್ಲಿ ಬೆರಳು ಮಡಚುತ್ತಾ ಬಂದರು,
ಕಲ್ಮಾಡಿಯಲ್ಲಿ ಬಿಚ್ಚಿದರು.
ಮನೆಯಲ್ಲಿ ಏನೂ ಕೇಳಲಿಲ್ಲ.
ಆ ರಾತ್ರಿ ಅಂಜಲಿನ ಸಾರು ಎರಡು ಸಲ ಬಡಿಸಿಕೊಂಡರಂತೆ.

ನನ್ನ ಬೂತೂ ಅದೇ.
ಇದುವರೆಗೆ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಬೆಳಗಿನ ಜಾವ ಮೂರಕ್ಕೆ ಎಂದಿನಂತೆ ಕ್ರಷರ್ ಗರಗರ.
ಬಾಕಿ ಪುಸ್ತಕ ತರಿಸಿದರು.
ಮೂಲೆ ಮಡಚಿದ ಪುಟಗಳಿಗೆಲ್ಲ ಗೆರೆ ಎಳೆಯಲು ಹೇಳಿ,
ನಾನು ಪೆನ್ನು ಹುಡುಕುವಷ್ಟರಲ್ಲಿ,
"ಈಗ ಅದು ಐಸು ಮಾರಾಯ," ಅಂದರು.

ಅವರು ಹೋಗಿ ನಾಲ್ಕು ಮಳೆಗಾಲ.
ಪೊಟ್ಟಣಗಳು ಇನ್ನೂ ಮುಗಿದಿಲ್ಲ.
ಉಪ್ಪುಗಾಳಿಗೆ ಮದ್ದು ತಣಿದಿದೆ,
ಬೀಡಿಗೆಂದು ಗೀರಿದರೆ
ಆರರಲ್ಲೊಂದು ಹತ್ತುತ್ತದೆ.
ಆರರಲ್ಲೊಂದು ಅಂದು ಸಿಕ್ಕಿದ್ದರೆ
ಠೇವಣಿಯಾದರೂ ಉಳಿಯುತ್ತಿತ್ತು.