ಉಗುಳುವ ಕೆಲಸ

ಸಂಬಳ ಎಷ್ಟು ಅಂತ ಕೇಳಿದ್ದು ಚಿಕ್ಕಪ್ಪ.
ಕೆಲಸ ಏನು ಅಂತ ಕೇಳಿದ್ದು ಅವ್ವ ಒಬ್ಬಳೇ.

ಕಾಫಿ ಕುಡಿಯೋದು, ಅಂದೆ.
ಕುಡಿಯೋದೂ ಅಲ್ಲ, ಚಮಚದಲ್ಲಿ ಸುರ್ರೆಂದು ಎಳೆದು
ನಾಲಿಗೆ ತುಂಬ ಹರಡಿ, ಒಂದು ಗಳಿಗೆ ನಿಲ್ಲಿಸಿ
ಉಗುಳೋದು.
ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು.
"ಇದಕ್ಕೆ ಹಾಸನದಲ್ಲಿ ಎರಡು ವರ್ಷ ಓದ್ಸಿದ್ರಾ?
ನಿಮ್ಮ ತಾತ ಎಲೆಯಡಿಕೆ ಹಾಕ್ಕೊಂಡು
ಪುಕ್ಕಟೆ ಉಗೀತಿದ್ದ."

ಎರಡು ವರ್ಷ.
ಚಿಕ್ಕಮಗಳೂರಿನಿಂದ ಆರೂಕಾಲರ ಬಸ್ಸು, ಬೇಲೂರಿನಲ್ಲಿ ಹತ್ತು ನಿಮಿಷ,
ಹಗರೆ ಬರುವಷ್ಟರಲ್ಲಿ ಪಕ್ಕದವರ ಭುಜದ ಮೇಲೆ ನಿದ್ದೆ,
ಹಾಸನದ ಸ್ಟ್ಯಾಂಡಿನಲ್ಲಿ ಇನ್ನೊಂದು ಬಸ್ಸಿಗೆ ಓಟ.
ಹೇಮಗಂಗೋತ್ರಿಯ ಲ್ಯಾಬಿನಲ್ಲಿ
ಬ್ಯುರೆಟ್ಟಿನಿಂದ ಹನಿಹನಿಯಾಗಿ ಇಳಿಸುತ್ತ
ಬಣ್ಣ ತಿರುಗಿಸುವ ಆ ಒಂದು ಹನಿಗೆ ಕಾಯುತ್ತಿದ್ದೆ.
ಒಂದು ಹನಿ ಹೆಚ್ಚಾಯಿತೋ, ಮತ್ತೆ ಮೊದಲಿಂದ.

ಇತ್ತ ಅವ್ವ ಕ್ಯೂರಿಂಗ್ ವರ್ಕ್ಸಿನ ಉದ್ದ ಮೇಜಿನೆದುರು
ಬೆನ್ನಿಲ್ಲದ ಸ್ಟೂಲಿನ ಮೇಲೆ ಕುಳಿತು
ಕರಿಬೀಜ, ಒಡಕುಬೀಜ, ಹುಳ ಕೊರೆದ ಬೀಜ
ಬೆರಳ ತುದಿಯಲ್ಲೇ ಬೇರೆ ಮಾಡುತ್ತಿದ್ದಳು.
ಚೀಲಕ್ಕಿಷ್ಟು ಕೂಲಿ.
ನನ್ನ ಫೀಸು ಎಷ್ಟು ಚೀಲ ಅಂತ ಒಂದು ಸಲ ಲೆಕ್ಕ ಹಾಕಿದೆ.
ಆಮೇಲೆ ಆ ಹಾಳೆ ಹರಿದೆ.

ಚಿಕ್ಕಪ್ಪನದೂ ಒಂದು ಲೆಕ್ಕವಿತ್ತು:
ಬಿ.ಎಸ್ಸಿ.ಗೇ ನಿಲ್ಲಿಸಿದ್ದರೆ ಎರಡು ವರ್ಷದ ದುಡಿಮೆ,
ಒಂದು ಚೀಟಿ, ಒಂದು ಎರಡೆಳೆ ಸರ,
ಅಷ್ಟರಲ್ಲಿ ಒಂದು ಗಂಡು.
ಕೂಡಿದ್ದರಲ್ಲಿ ತಪ್ಪಿರಲಿಲ್ಲ.
ಅದಕ್ಕೇ ಅಷ್ಟು ಸಿಟ್ಟು ಬಂದಿತ್ತು.

ಬಿ.ಎಸ್ಸಿ. ಆದ ವರ್ಷ ಇದೇ ವರ್ಕ್ಸಿಗೆ ಅರ್ಜಿ ಹಾಕಿದ್ದೆ.
ಗೇಟಿನ ರಿಜಿಸ್ಟರ್ ಬರೆಯೋ ಹಾಗಿದ್ದರೆ ನೋಡಮ್ಮ,
ಎಂದಿದ್ದರು ಕಿಟಕಿಯಾಚೆಯಿಂದಲೇ.
ಎಂ.ಎಸ್ಸಿ. ಆದ ವರ್ಷ ಅದೇ ಮನುಷ್ಯ
ಎದ್ದು ಕುರ್ಚಿ ಎಳೆದು ಕೊಟ್ಟರು.
ನಾನು ಅದೇ ನಾನು. ಹೇಳಬೇಕೆಂದರೆ
ಬಸ್ಸಿನ ದೆಸೆಯಿಂದ ಇನ್ನಷ್ಟು ಬಡಕಲಾಗಿದ್ದೆ.

ಲಾಭ ಏನು ಅಂತ ಈಗ ಕೇಳಿದರೆ:
ಸಂಬಳ ಮೂರು ಪಟ್ಟು, ಸಾಲದ ಕಂತು ಕಳೆದು ಎರಡು.
ಚಿಲಕವಿರುವ ಕಕ್ಕಸು. ಇದನ್ನು ಯಾವ ಪ್ರಾಸ್ಪೆಕ್ಟಸ್ಸೂ ಬರೆಯುವುದಿಲ್ಲ.
ಮತ್ತೆ, ನಾನು ಬೇಡ ಅಂದರೆ
ತುಂಬಿದ ಲಾರಿ ಅಂಗಳದಲ್ಲೇ ನಿಲ್ಲುತ್ತದೆ.

ಫೆಬ್ರವರಿಯಲ್ಲಿ ಒಂದು ಲಾಟು ಬಂತು.
ತೇವ ಸರಿ, ಗಾತ್ರ ಸರಿ, ಯಂತ್ರದ ಕಣ್ಣಿಗೂ ಸರಿ,
ನನ್ನ ನಾಲಿಗೆಯೊಂದು ಒಪ್ಪಲಿಲ್ಲ.
ಹುಳಿ ಹೆಚ್ಚು ಎಂದು ಬರೆಯಬಲ್ಲೆ,
ಯಾವ ಆಮ್ಲವೆಂದೂ ಬರೆಯಬಲ್ಲೆ,
ಯಾಕೆ ಎಂಬಲ್ಲಿ ಪೆನ್ನು ನಿಂತಿತು.
ಹಿಡಿ ಬೀಜ ಕರ್ಚೀಫಿನಲ್ಲಿ ಕಟ್ಟಿಕೊಂಡು
ಅಂಗಳ ದಾಟಿ ಮೇಜಿನ ಸಾಲಿಗೆ ಹೋದೆ.

ಅವ್ವ ಮೂಸಿದಳು. ಒಂದನ್ನು ಕಚ್ಚಿದಳು.
ಉಗುಳಿದಳು.
"ಹಣ್ಣು ಕೊಯ್ದು ಎರಡು ರಾತ್ರಿ ಚೀಲದಲ್ಲೇ ಬಿಟ್ಟವ್ರೆ.
ಪಲ್ಪರ್ ಕೆಟ್ಟಿತ್ತೋ, ಕರೆಂಟ್ ಇರ್ಲಿಲ್ವೋ."
ಮೇಜಿನ ಉದ್ದಕ್ಕೂ ನಗು ಹರಿಯಿತು:
ನಮ್ಮ ಜವರಮ್ಮನೂ ಎಂ.ಎಸ್ಸಿ. ಆದ್ಲು ಕಣ್ರೇ!

ಫೋನಿನಲ್ಲಿ ತೋಟದ ರೈಟರು ತಡವರಿಸಿದ,
ಹೌದು ಮೇಡಂ, ಎರಡು ರಾತ್ರಿ.

ವರದಿಯ ಕೊನೆಗೆ 'ಪರೀಕ್ಷಿಸಿದವರು' ಎಂದು ಒಂದು ಗೆರೆ,
ಒಂದೇ ಹೆಸರು ಹಿಡಿಸುವಷ್ಟು.

ರಾತ್ರಿ ಅವ್ವನಿಗೆ ಹೇಳಿದೆ.
"ಹೆಸರು ಹಾಕಿದ್ರೆ ಏನು ಕೊಡ್ತಾರೆ?"
ಏನೂ ಕೊಡಲ್ಲ.
"ಹಂಗಿದ್ರೆ ನೀನೇ ಇಟ್ಕೋ.
ನಮ್ಮ ಸ್ಟೂಲಿಗೆ ಒಂದು ಬೆನ್ನು ಹಾಕ್ಸು.
ಇಪ್ಪತ್ತೆರಡು ವರ್ಷದಿಂದ ಕೇಳ್ತಾ ಇದೀವಿ,
ಓದಿದೋಳು ಕೇಳಿದ್ರೆ ಬೇರೆ ಥರ ಕೇಳುಸ್ಬೋದು."

ಮೂರು ಸಲ ಹರಿದು ನಾಲ್ಕನೆಯ ಸಲ ಬರೆದೆ:
ಮೂವತ್ತನಾಲ್ಕು ಕುರ್ಚಿ, ಬೆನ್ನಿರುವವು.
ಕೆಳಗೆ ಸಹಿ, ಸಹಿಯ ಪಕ್ಕ ಡಿಗ್ರಿ,
ಎಂದೂ ಬರೆಯದಷ್ಟು ದಪ್ಪಗೆ.

ಸೋಮವಾರ ಕೊಟ್ಟದ್ದು. ಇವತ್ತು ಗುರುವಾರ.
ಮ್ಯಾನೇಜರ ಮೇಜಿನ ಮೇಲೆ
ಅದರ ಮೇಲೊಂದು ಕಾಫಿಯ ಲೋಟವಿದೆ.